ವಲ್ಲಿಯ ಕೆಳಗಿನ ಬೆರಳು

ಮಂಡಕ್ಕಿ ಭಟ್ಟಿಯ ಬೀದಿಯಲ್ಲಿ ಈಗ
ಹಣ ಕೂಗಿಕೊಂಡೇ ಬರುತ್ತದೆ.
"ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ."
ಖುತೇಜಾಬಿ ಒಗ್ಗರಣೆ ಕಲಸುವ ಕೈ ನಿಲ್ಲಿಸದೆ
ಡಬ್ಬಿಗೆ ಗದರುತ್ತಾಳೆ:
"ಮೆಲ್ಲಗೆ ಹೇಳೇ ನನ್ನ ಸವತಿ,
ಎದುರಿಗೇ ಬಡ್ಡಿಯವನು ನಿಂತಾನೆ."

ನಾನು ಗಡಿಯಾರ ಕಂಬದ ಹಿಂದೆ
ಕಡಿದಾದ ಮೆಟ್ಟಿಲ ಮೇಲಿನ ಕೋಣೆಯಲ್ಲಿ
ಅಂಗಡಿಗಳ ತೆರಿಗೆ ಲೆಕ್ಕ ಬರೆಯುವವಳು.
ಯಾರಿಗೆ ಯಾವ ತಿಂಗಳು ಆಸ್ಪತ್ರೆ,
ಯಾರು ಯಾರಿಗೆ ರಾತ್ರಿ ಹನ್ನೊಂದಕ್ಕೆ ಐನೂರು ಕಳಿಸಿದರು,
ಎಲ್ಲ ಬ್ಯಾಂಕಿನ ಹಾಳೆಯಲ್ಲಿ ಓದಿ
ಏನೂ ಓದದವಳ ಮುಖ ಹೊತ್ತು
ಮನೆಗೆ ಹೋಗುತ್ತೇನೆ.

ಕೆಳಗಡೆ ಮೊಬೈಲ್ ರಿಪೇರಿಯ ತಿಪ್ಪೇಶಿ
ನಿನ್ನೆ ಎರಡೆರಡು ಮೆಟ್ಟಿಲು ಹಾರಿ ಬಂದ.
"ಅಕ್ಕಾ, ಸತ್ತೇಹೋತು ಅಂದಿದ್ರಲ್ಲ ಆ ಕಾಯಿನ್ನು,
ಎದ್ದು ಕೂತೈತಿ ನೋಡ್ರಿ!"
ಒಡೆದ ಗಾಜಿನ ಪರದೆಯಲ್ಲಿ
ಹಸಿರು ಗೆರೆಯೊಂದು ಬೆಟ್ಟ ಹತ್ತುತ್ತಿತ್ತು.
"ಕೊಟ್ಟೋರು ಯಾರು, ತಗೊಂಡೋರು ಯಾರು, ಎಷ್ಟು,
ಯಾವನಿಗೂ ಕಾಣಂಗಿಲ್ಲ.
ಹದಿನಾರು ಕೈ ಒಟ್ಟಿಗೆ ಚಾಚಿರ್ತಾವು,
ಕೊಟ್ಟ ಕೈ ಅದರಾಗ ಒಂದೇ.
ಈಗ ಎಲ್ಲಾರಿಗೂ ಅದೇ ಬೇಕಂತ.
ಬರೇ ಕಳ್ಳರ ರೊಕ್ಕ ಅಂತಾರ ಕೆಲವರು."

ಕಳ್ಳರೂ ತಮ್ಮ ಮನೆಗೆ ಚಿಲಕ ಹಾಕಿಕೊಂಡೇ ಮಲಗುತ್ತಾರೆ
ಅಂದೆ.
ಅಂದಮೇಲೆ ನೆನಪಾಯಿತು ಅಪ್ಪ.

ದನದ ಸಂತೆಯ ದಲಾಲಿ ಕರಿಬಸಪ್ಪ.
ಮಾರುವ ಕೈ, ಕೊಳ್ಳುವ ಕೈ,
ಮೇಲೊಂದು ಕೆಂಪಂಚಿನ ವಲ್ಲಿ.
ಮುಖಗಳು ಮೆಕ್ಕೆಜೋಳದ ಮಾತಾಡುತ್ತಿದ್ದರೆ
ಕೆಳಗೆ ಬೆರಳು ಬೆರಳನ್ನು ಒತ್ತುತ್ತಿತ್ತು:
ಇಡೀ ಬೆರಳು ಸಾವಿರ,
ನಡುಗೆಣ್ಣು ಐನೂರು.
ಅವಸರಕ್ಕೆ ಮಾರುವವನ ಅವಸರ
ಸಂತೆಗೆಲ್ಲ ಕಾಣದಿರಲೆಂದು ಆ ಬಟ್ಟೆ.

ಅದೇ ಬಟ್ಟೆಯಡಿಯಲ್ಲಿ
ಉಚ್ಚಂಗೆವ್ವನ ಹೋರಿಗೆ ಮೂರು ಬೆರಳು ಒತ್ತಿ
ಕೊಂಡವನ ಕೈಗೆ ನಾಲ್ಕು ಒತ್ತಿದ್ದ ಅಪ್ಪ.
ನಡುವೆ ಉಳಿದ ಒಂದು ಬೆರಳು
ನನ್ನ ಕಾಲೇಜಿನ ಫೀಸು.
ಅವತ್ತು ಪಕ್ಕದಲ್ಲಿ ಕೂತು ಕಡಲೆ ತಿನ್ನುತ್ತಿದ್ದೆ.
ಯಾವ ಪುಸ್ತಕದಲ್ಲೂ ಆ ಜಮೆ ಇಲ್ಲ,
ನಾನೇ ಬರೆಯುವ ಪುಸ್ತಕಗಳಲ್ಲೂ.

ತಿಪ್ಪೇಶಿಗೆ ಇದನ್ನು ಹೇಳಲಿಲ್ಲ.
ಅವನು ಮದುವೆ ಪತ್ರಿಕೆಯೊಂದರ ಬೆನ್ನು ತೋರಿಸಿದ:
ಒಂದಕ್ಕೊಂದು ಸಂಬಂಧವಿಲ್ಲದ
ಇಪ್ಪತ್ತೈದು ಪದ.
"ಇದೇ ಬೀಗದಕೈ ಅಕ್ಕಾ."
ಕಳೆದರೆ?
"ಹೋತು. ದೇವರು ಬಂದ್ರೂ ತೆಗೆಯಕ್ಕಾಗಲ್ಲ."

ಕೊನೆಯ ದಿನ ಅಪ್ಪನಿಗೆ ಬಾಯಿ ಬಿದ್ದುಹೋಗಿತ್ತು.
ಆಸ್ಪತ್ರೆಯ ಹೊದಿಕೆಯನ್ನು ನನ್ನ ಕೈಮೇಲೆ ಎಳೆದು
ಒತ್ತಿದ: ಎರಡು ಬೆರಳು.
ತಡೆದು, ನಡುಗೆಣ್ಣು.
ಆಮೇಲೆ ಹೆಬ್ಬೆರಳು,
ಹೆಬ್ಬೆರಳಿಗೆ ಎಷ್ಟೆಂದು ನಾನು ಕಲಿತಿರಲಿಲ್ಲ.
ಯಾರಿಗೆ ಕೊಡಬೇಕಿತ್ತು? ಯಾರಿಂದ ಬರಬೇಕಿತ್ತು?
ಒಂದು ವೇಳೆ ಉಚ್ಚಂಗೆವ್ವನ
ಆ ಒಂದು ಬೆರಳು, ಬಡ್ಡಿ ಸಮೇತ?
ನಾನು ಐದೂ ಬೆರಳು ಒತ್ತಿ ಒಪ್ಪಿಕೊಂಡೆ.
ಯಾವುದಕ್ಕೆ ಒಪ್ಪಿದೆನೋ
ಹೊದಿಕೆಗೇ ಗೊತ್ತು.

"ನಿಮಗೆಷ್ಟು ತಗೊಳ್ಲಿ ಅಕ್ಕಾ?"
ತಿಪ್ಪೇಶಿ ಇನ್ನೂ ನಿಂತೇ ಇದ್ದ,
ಹೆಗಲ ಮೇಲೆ ಪರದೆ ಒರೆಸುವ ಹಳದಿ ಬಟ್ಟೆ.
ಅದನ್ನೆಳೆದು ಅವನ ಕೈಮೇಲೆ ಹಾಸಿ
ಒಳಗೆ ಕೈಯಿಟ್ಟು
ಒಂದು ನಡುಗೆಣ್ಣು ಒತ್ತಿದೆ.

ಕೆಳಗೆ ಬೀದಿಯಲ್ಲಿ ಯಾರದೋ ಹತ್ತು ರೂಪಾಯಿ
ಊರಿಗೆಲ್ಲ ಕೇಳುವಂತೆ ಬಂತು.

ಹುಡುಗ ತಬ್ಬಿಬ್ಬಾಗಿ ನಕ್ಕ.
"ಬಾಯಿಬಿಟ್ಟು ಹೇಳ್ರಿ ಅಕ್ಕಾ," ಅಂದ.